ವಾಲಿಯ ಸೀಮೆಯಲ್ಲಿ ಒಂದು ಭಾನುವಾರ

ನಮ್ಮ ಅಜ್ಜ ಟಿವಿಯನ್ನು ಮೊದಲ ಬಾರಿಗೆ ಕಂಡದ್ದು 1975ರಲ್ಲಿ, ಆಗಿನ ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ. ಅವರು ಅಲ್ಲಿ ಮಾಸ್ತರರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಸೀಮೆಯ ಹಳ್ಳಿಗರು ಶಾಲೆಯ ಅಂಗಳದಲ್ಲಿ ಕುಳಿತು ಟಿವಿ ನೋಡಿದ್ದರು ಎಂದರೆ ಈಗಲೂ ಅನೇಕರು ನಂಬುವುದಿಲ್ಲ. ನಾಸಾದಿಂದ ಒಂದು ವರ್ಷದ ಮಟ್ಟಿಗೆ ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ಇಸ್ರೋ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿತು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬಿತ್ತನೆ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಕನ್ನಡದಲ್ಲಿ. ಸಂಜೆ ಸ್ವಲ್ಪ ಹೊತ್ತು ಮಾತ್ರ ಎಲ್ಲ ರಾಜ್ಯಗಳಿಗೂ ಸೇರಿದ ಹಿಂದಿ ಕಾರ್ಯಕ್ರಮ ಇರುತ್ತಿತ್ತು. ಅದು ಬಂದಾಗ ಜನ ಏಳದಂತೆ ಅಜ್ಜ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಅರ್ಥ ಹೇಳುತ್ತಿದ್ದರಂತೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರಾದ್ದರಿಂದ ಹಿಂದಿ ಅವರಿಗೆ ಕಷ್ಟವಾಗಿರಲಿಲ್ಲ.

1976ರ ಜುಲೈ ಕೊನೆಗೆ ಪ್ರಯೋಗ ಮುಗಿಯಿತು, ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಪಡೆದರು. ಮುಂದೆ 1984ರ ಸುಮಾರಿಗೆ ದೇಶದ ತುಂಬ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್‌ಗಳು ಎದ್ದಾಗ ಟಿವಿ ಮತ್ತೆ ನಮ್ಮ ಕಡೆ ಬಂತು. ಆದರೆ ಅವು ಬಿತ್ತರಿಸುತ್ತಿದ್ದುದು ದಿಲ್ಲಿಯ ಕಾರ್ಯಕ್ರಮ. ಮೊದಲು ಕನ್ನಡದಲ್ಲಿ ಮಾತನಾಡಿದ ಪೆಟ್ಟಿಗೆ ಈಗ ಹಿಂದಿಯಲ್ಲಿ ಮಾತನಾಡುತ್ತಿತ್ತು. ‘ಹಮ್ ಲೋಗ್’, ‘ಬುನಿಯಾದ್’ ಎಲ್ಲ ಹಾಗೆಯೇ ಬಂದವು. ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ನಮ್ಮದೇ ಮಲೆನಾಡಿನ ಮನೆ, ಮಳೆ, ನಮ್ಮದೇ ಅನಂತನಾಗ್, ಗಿರೀಶ ಕಾರ್ನಾಡ, ಮಾತು ಮಾತ್ರ ಹಿಂದಿ. ನಿವೃತ್ತಿಯ ಹಣದಲ್ಲಿ ಗಂಗಾವತಿಯ ಮನೆಗೆ ಶಟರ್ ಇರುವ ಕಪ್ಪುಬಿಳುಪು ಟಿವಿ ತಂದ ಅಜ್ಜನಿಗೆ ಹೀಗೆ ಹಳೆಯ ಕೆಲಸ ಮರಳಿ ಸಿಕ್ಕಿತು.

ರಾಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಂದು ಶುರುವಾಯಿತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬೀದಿ ಬರಿದಾಗುತ್ತಿತ್ತು ಎಂದು ಎಲ್ಲ ಊರಿನವರೂ ಹೇಳುತ್ತಾರೆ, ಅದನ್ನು ಮತ್ತೆ ಹೇಳಬೇಕಿಲ್ಲ. ನಾನು ಹೇಳಬೇಕೆಂದಿರುವುದು ಕಿಷ್ಕಿಂಧೆಯ ಕಂತುಗಳು ಬಂದಾಗ ನಮ್ಮ ಪಡಸಾಲೆಯಲ್ಲಿ ನಡೆದದ್ದನ್ನು. ಗಂಗಾವತಿಯಿಂದ ಆನೆಗೊಂದಿ ಬಹಳ ದೂರವಿಲ್ಲ. ಅಂಜನಾದ್ರಿ, ಪಂಪಾಸರೋವರ, ಶಬರಿಯ ಗುಹೆ, ವಾಲಿಯ ಕೋಟೆ ಎಲ್ಲ ಅಲ್ಲೇ. ಹೊಳೆ ದಾಟಿದರೆ ಸುಗ್ರೀವನ ಗುಹೆ, ವಾಲಿಗೆ ಕಾಲಿಡಲಾಗದ ಮತಂಗ ಬೆಟ್ಟ, ಮಳೆಗಾಲ ಮುಗಿಯುವವರೆಗೆ ರಾಮ ಕಾದು ಕುಳಿತ ಮಾಲ್ಯವಂತ ಬೆಟ್ಟ. ನಿಂಬಾಪುರದ ಬಳಿಯ ಬೂದಿಯ ದಿಬ್ಬ ವಾಲಿಯನ್ನು ಸುಟ್ಟ ಜಾಗವೆಂದು ನಮ್ಮವರ ನಂಬಿಕೆ. ಈ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಉಳಿದವು ಎಂದು ಪುರಾತತ್ವದವರು ತೋರಿಸಿದ್ದಾರೆ. ನನಗೆ ಆ ವಿವರಣೆಯೂ ಅಷ್ಟೇ ಇಷ್ಟ. ಅಜ್ಜಿಯ ತವರು ಆನೆಗೊಂದಿ. ಹರಿಗೋಲಿನಲ್ಲಿ ಹೊಳೆ ದಾಟುತ್ತ, ಈ ಕಲ್ಲುಗುಡ್ಡಗಳನ್ನು ಹೆಸರು ಹಿಡಿದು ಕರೆಯುತ್ತ ಬೆಳೆದವಳು ಅವಳು. ಸಾಗರರು ಧಾರಾವಾಹಿಯನ್ನು ಗುಜರಾತಿನ ಉಮರಗಾಂವ್‌ನಲ್ಲಿ ಚಿತ್ರಿಸಿದ್ದರು. ಪರದೆಯ ಮೇಲಿನ ಕಿಷ್ಕಿಂಧೆಯನ್ನು ನೋಡಿದ ಕೂಡಲೇ ಅಜ್ಜಿ, “ಇವರು ನಮ್ಮ ಊರಿಗೆ ಬಂದೇ ಇಲ್ಲ” ಎಂದಳು. ಅದರಲ್ಲಿ ಕೋಪವಿರಲಿಲ್ಲ, ಬರಬೇಕಿತ್ತು ಎಂಬ ವ್ಯಥೆಯಿತ್ತು.

ವಾಲಿವಧೆಯ ಭಾನುವಾರ ಮಳೆಗಾಲದ ಕೊನೆಯ ದಿನಗಳಲ್ಲಿ ಬಂತು. ಗದ್ದೆಗಳಲ್ಲಿ ನಾಟಿ ಮುಗಿದಿತ್ತು, ಹೀಗಾಗಿ ಹಳ್ಳಿಯ ನೆಂಟರೂ ಬಂದಿದ್ದರು. ಪಡಸಾಲೆ ತುಂಬಿ, ಬಾಗಿಲಲ್ಲಿ ಜನ, ಕಿಟಕಿಯ ಸರಳು ಹಿಡಿದು ಮಕ್ಕಳು. ಒಳಗಿನಿಂದ ಅವ್ವ ಒಗ್ಗರಣೆ ಮಂಡಕ್ಕಿಯ ಪರಾತ ಕಳಿಸುತ್ತಲೇ ಇದ್ದಳು. ಸಣ್ಣತ್ತೆ ಎಂದಿನಂತೆ ಮಾಳಿಗೆಯ ಮೇಲೆ ಆಂಟೆನಾ ಹಿಡಿದು ನಿಂತಿದ್ದಳು. ಗಾಳಿ ಬೀಸಿದರೆ ಚಿತ್ರದ ತುಂಬ ಚುಕ್ಕೆ ಬೀಳುತ್ತಿತ್ತು. ಕೆಳಗಿನಿಂದ “ಸ್ವಲ್ಪ ಎಡಕ್ಕೆ, ಸಾಕು, ಸಾಕು” ಎಂದು ಕೂಗು. ಪಾಪ, ಅವಳು ಇಡೀ ರಾಮಾಯಣವನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಅಜ್ಜ ಟಿವಿಯ ಪಕ್ಕದ ಕುರ್ಚಿಯಲ್ಲಿದ್ದರು. ಆ ಧಾರಾವಾಹಿಯ ಹಿಂದಿ ಸಂಸ್ಕೃತದಿಂದ ತುಂಬಿದ್ದರಿಂದ ಉರ್ದು ಓದಿದ ಅಜ್ಜ ಒಮ್ಮೊಮ್ಮೆ ತಡವರಿಸುತ್ತಿದ್ದರು. ಆಗ ತೊರವೆ ರಾಮಾಯಣವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಅಜ್ಜಿ ಮಾತು ಮುಂದುವರಿಸುತ್ತಿದ್ದಳು. ಶಾಲೆಗೇ ಹೋಗದ ಅವಳು ಅಜ್ಜನನ್ನು ತಿದ್ದಿದರೆ ಅವರು ಸಂತೋಷದಿಂದ ಒಪ್ಪುತ್ತಿದ್ದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದು ಇಬ್ಬರೂ ಸೇರಿ ಒಂದು ಕಂತನ್ನು ದಾಟಿಸುವುದು ನೋಡುವುದೇ ನನಗೆ ಟಿವಿಗಿಂತ ಹೆಚ್ಚಿನ ಸುಖವಾಗಿತ್ತು.

ಅಣ್ಣತಮ್ಮಂದಿರ ಕಾಳಗ ಶುರುವಾಯಿತು. ಮರದ ಮರೆಯಲ್ಲಿ ನಿಂತ ರಾಮನಿಗೆ ವಾಲಿ ಯಾರು, ಸುಗ್ರೀವ ಯಾರು ಎಂದು ತಿಳಿಯುವುದಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, “ತಿಳಿಯುವುದು ಹೇಗೆ? ಇಬ್ಬರೂ ಒಬ್ಬನೇ. ವೇಷ ಹಾಕಿದವನು ಒಬ್ಬನೇ ಮನುಷ್ಯ” ಎಂದಳು. ಅಜ್ಜ ಒಪ್ಪಲಿಲ್ಲ, ಒಬ್ಬ ಮನುಷ್ಯ ತನ್ನೊಡನೆ ತಾನೇ ಕುಸ್ತಿ ಆಡುವುದು ಸಾಧ್ಯವೇ ಎಂದರು. ಮಾತು ಅಲ್ಲಿಗೇ ನಿಂತಿತು, ಏಕೆಂದರೆ ರಾಮನ ಬಾಣ ಹೊರಟಿತ್ತು. ವಾಲಿ ನೆಲಕ್ಕೆ ಬಿದ್ದ. ರಾಮ ಹತ್ತಿರ ಬಂದ. ವಾಲಿ ತಲೆಯೆತ್ತಿ ಬಾಯಿ ತೆರೆದ. ಕರೆಂಟು ಹೋಯಿತು.

ಹೊರಗಿನ ಬೀದಿಯಲ್ಲೂ ಒಂದೇ ನಿಟ್ಟುಸಿರು ಎದ್ದಿತು. ಯಾರೂ ಕದಲಲಿಲ್ಲ. ಆಗ ಗೋಡೆಗೆ ಒರಗಿ ಕುಳಿತಿದ್ದ ಹಿರಿಯರೊಬ್ಬರು, ಬಯಲಾಟದಲ್ಲಿ ವರ್ಷಗಟ್ಟಲೆ ವಾಲಿಯ ವೇಷ ಕಟ್ಟಿದವರು, ಎದ್ದು ನಿಂತರು. “ಮಾಸ್ತರರೇ, ನೀವು ಸಾರಥಿಯಾಗಿ, ಮುಂದಿನದನ್ನು ನಾನು ಹೇಳುತ್ತೇನೆ” ಎಂದರು. ದೊಡ್ಡಾಟದಲ್ಲಿ ಪಾತ್ರಧಾರಿಯನ್ನು ಪ್ರಶ್ನೆ ಕೇಳಿ ಮಾತನಾಡಿಸುವವನು ಸಾರಥಿ. ಅಜ್ಜ ಕುರ್ಚಿಯಿಂದ ಎದ್ದು, ಗಂಟಲು ಸರಿಮಾಡಿಕೊಂಡು, “ಭೂಮಿಯ ಮೇಲೆ ಬಿದ್ದು ಹೊರಳುತ್ತಿರುವ ವೀರನೇ, ನೀನು ಯಾರು?” ಎಂದು ಕೇಳಿದರು. ಆ ಹಿರಿಯರಿಗೆ ಭುಜಕೀರ್ತಿಯಿಲ್ಲ, ಗದೆಯಿಲ್ಲ, ಮೈಮೇಲೆ ಬನಿಯನ್ನು, ಪಂಚೆ. ಆದರೆ ಒಂದು ಕೈಯಿಂದ ಎದೆ ಹಿಡಿದು ಅವರು ಕೊಟ್ಟ ಕಿಷ್ಕಿಂಧೆಯ ಒಡೆಯನ ಧ್ವನಿಗೆ ಕಿಟಕಿಯಲ್ಲಿದ್ದ ಮಕ್ಕಳು ಸರಳು ಬಿಟ್ಟು ಹಿಂದೆ ಸರಿದರು. ನಾನು ನಿನಗೆ ಮಾಡಿದ ತಪ್ಪೇನು, ನಿನ್ನ ರಾಜ್ಯಕ್ಕೆ ಬಂದೆನೇ, ನಿನ್ನ ಊರು ಸುಟ್ಟೆನೇ, ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ಅವರು ಕೇಳುತ್ತ ಹೋದರು. ಹಾಡು ಬಂದಲ್ಲಿ ಹಾಡಿದರು. ತಾರೆಯ ಹೆಸರು ಹೇಳುವಾಗ ಅವರ ಕಣ್ಣಲ್ಲಿ ನೀರು ನಿಜವಾಗಿಯೇ ಬಂದಿತ್ತು.

ಅವರು ಕುಳಿತ ಮೇಲೆ ಚರ್ಚೆ. ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಪಕ್ಕದ ಮನೆಯವರು ರಾಮನ ಪರವಾಗಿ ಗಟ್ಟಿಯಾಗಿ ನಿಂತರು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಎದುರು ನಿಂತು ಹೊಡೆಯುವ ಮರ್ಯಾದೆ ಏಕೆ? ಅಜ್ಜಿ ಸೆರಗು ಸರಿಪಡಿಸಿಕೊಂಡು ಮುಂದೆ ಸರಿದಳು. “ಅದಿರಲಿ. ರಾಮ ದೇವರು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುವುದು ಬೇರೆ. ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ಸಮುದ್ರ ಸುತ್ತಿದವನು ವಾಲಿ. ಹೆಂಡತಿಯನ್ನು ಕಳೆದುಕೊಂಡವನು ನಮ್ಮ ಊರಿಗೆ ಬಂದು, ಸಿಂಹಾಸನದಲ್ಲಿ ಕುಳಿತ ಅರಸನನ್ನು ಬಿಟ್ಟು ಗುಡ್ಡದಲ್ಲಿ ಅಡಗಿದ್ದವನ ಹತ್ತಿರ ಏಕೆ ಹೋದ? ವಾಲಿಯನ್ನು ಕೇಳಿದ್ದರೆ ಒಂದೇ ದಿನದಲ್ಲಿ ಸೀತಮ್ಮನನ್ನು ತಂದುಕೊಡುತ್ತಿದ್ದ. ನಾಲ್ಕು ತಿಂಗಳು ಮಾಲ್ಯವಂತದಲ್ಲಿ ಮಳೆ ನೋಡುತ್ತ ಅಳುವುದು ತಪ್ಪುತ್ತಿತ್ತು. ಆ ತಾಯಿ ಅಲ್ಲಿ ಒಬ್ಬಳೇ ಕುಳಿತಿದ್ದಳಲ್ಲ, ಆ ನಾಲ್ಕು ತಿಂಗಳ ಲೆಕ್ಕ ಯಾರು ಕೊಡುತ್ತಾರೆ?”

ಸುಗ್ರೀವನ ಬಳಿಗೆ ಹೋಗು ಎಂದು ಕಬಂಧ ಹೇಳಿದ್ದನಲ್ಲ ಎಂದರು ಮಿಲ್ಲಿನವರು. “ರಾಕ್ಷಸನ ಮಾತು ಕೇಳಬಹುದು, ನನ್ನ ತವರಿನ ಅರಸನ ಮಾತು ಕೇಳಬಾರದೇ?” ಎಂದಳು ಅಜ್ಜಿ. ಅಜ್ಜ ತುಂಬ ಹೊತ್ತು ಯೋಚಿಸಿ, ನೊಂದವನಿಗೆ ನೊಂದವನೇ ಗೆಳೆಯನಾಗುತ್ತಾನೆ, ಗೆದ್ದು ಕುಳಿತವನಲ್ಲ ಎಂದರು. ಅಜ್ಜಿ ಅದನ್ನು ಒಪ್ಪಿದಳೋ ಇಲ್ಲವೋ, ಮುಖ ಮಾತ್ರ ಮೆತ್ತಗಾಯಿತು. ಮೇಲಿನಿಂದ ಸಣ್ಣತ್ತೆ, “ನಾನು ಇಳಿಯಬಹುದೇ?” ಎಂದು ಕೂಗಿದಾಗಲೇ ಅವಳು ಇನ್ನೂ ಅಲ್ಲಿದ್ದಾಳೆ ಎಂಬುದು ಎಲ್ಲರಿಗೂ ನೆನಪಾದದ್ದು. ಕರೆಂಟು ಬಂದದ್ದು ಮಧ್ಯಾಹ್ನ.

ಆ ಕಾಲದ ಧಾರಾವಾಹಿಗಳ ಬಗ್ಗೆ ಬರೆಯುವವರು ನಿರ್ದೇಶಕರ, ನಟರ, ಸಂಗೀತದವರ ಹೆಸರು ಹೇಳುತ್ತಾರೆ. ಹೇಳಲೇಬೇಕು. ಆದರೆ ನಮ್ಮ ಕಡೆ ಅವುಗಳ ಅರ್ಧ ಭಾಗ ತಯಾರಾದದ್ದು ಇಂಥ ಪಡಸಾಲೆಗಳಲ್ಲಿ. ಉಮರಗಾಂವ್‌ನಿಂದ ಹೊರಟದ್ದಕ್ಕೆ ಇಲ್ಲಿ ಮಾತು, ಊರು, ಜಗಳ ಎಲ್ಲ ಸೇರಿದವು. ಮುಂದಿನ ವರ್ಷ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಬಂದಾಗಲೂ ಹೀಗೆಯೇ. ಅದಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಝಾ ಎಂದು ತಿಳಿದು ಉರ್ದು ಓದಿದ ನಮ್ಮ ಅಜ್ಜ ಪಟ್ಟ ಸಂತೋಷವನ್ನು ಇನ್ನೊಮ್ಮೆ ಬರೆಯಬೇಕು.

ಲಾಕ್‌ಡೌನ್ ಸಮಯದಲ್ಲಿ, 2020ರ ಮಾರ್ಚ್ 28ರಿಂದ, ದೂರದರ್ಶನ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು. ಅಜ್ಜ ಅಜ್ಜಿ ಆಗ ಇರಲಿಲ್ಲ. ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ನೋಡಿದೆ: ನಟ ಶ್ಯಾಮಸುಂದರ ಕಲಾನಿ ತೀರಿಕೊಂಡಿದ್ದರು. ಸುಗ್ರೀವ, ವಾಲಿ ಎರಡೂ ಪಾತ್ರ ಅವರದೇ. ಅಜ್ಜಿ ಚುಕ್ಕೆ ತುಂಬಿದ ಪರದೆಯಲ್ಲೇ ಅದನ್ನು ಕಂಡುಹಿಡಿದಿದ್ದಳು.

ವಾಲಿವಧೆಯನ್ನು ಈ ಬಾರಿ ತಡೆಯಿಲ್ಲದೆ ನೋಡಿದೆ. ಗಂಗಾವತಿಯಲ್ಲೇ ಇರುವ ಸಣ್ಣತ್ತೆಯೂ ನೋಡಿದ್ದಳು. ಕಂತು ಮುಗಿದ ಕೂಡಲೇ ಅವಳ ಫೋನ್ ಬಂತು. ರಾಮ ತಮ್ಮನ ಹೆಂಡತಿಯ ಮಾತು ಎತ್ತಿ ಉತ್ತರ ಕೊಟ್ಟನಲ್ಲ, ಚೆನ್ನಾಗಿಯೇ ಇತ್ತು ಎಂದೆ. “ಚೆನ್ನಾಗಿತ್ತು. ಆದರೆ ಅವ್ವ ಕೇಳಿದ್ದು ಅದನ್ನಲ್ಲ” ಎಂದಳು ಸಣ್ಣತ್ತೆ. ಅಂದು ಮಾಳಿಗೆಯ ಮೇಲಿದ್ದರೂ ಅಜ್ಜಿಯ ಪ್ರತಿ ಮಾತೂ ಅವಳ ಕಿವಿಗೆ ಬಿದ್ದಿತ್ತು. ಅಜ್ಜ ಕೊಟ್ಟ ಉತ್ತರವೂ ಅವಳಿಗೆ ಒಪ್ಪಿಗೆಯಾಗಿಲ್ಲ, ತಾರೆಯಂಥ ಬುದ್ಧಿವಂತೆ ಅರಮನೆಯಲ್ಲಿರುವಾಗ ರಾಮ ಅವಳನ್ನಾದರೂ ಒಂದು ಮಾತು ಕೇಳಬಹುದಿತ್ತು ಎಂಬುದು ಅವಳ ವಾದ. ನಾನು ಅಜ್ಜನ ಪಕ್ಷ ಹಿಡಿದೆ.