ಅವರೆಕಾಯಿ ಕಾಲ ಬಂದಾಗ ಮೆನು ಕಾರ್ಡ್ ಪಕ್ಕಕ್ಕಿಡಿ

ಬೆಂಗಳೂರಿನ ಹೋಟೆಲ್‌ಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಯಾವ ದೋಸೆ ಎಲ್ಲಿ ಚೆನ್ನಾಗಿದೆ ಅನ್ನುವಲ್ಲಿಗೆ ಮುಗಿಸಿಬಿಡುತ್ತಾರೆ. ಅದೂ ಬೇಕು, ಬೇಡ ಅನ್ನೋದಿಲ್ಲ. ಆದರೆ ನನಗೆ ಇಲ್ಲಿನ ಸಣ್ಣ ಹೋಟೆಲ್‌ಗಳಲ್ಲಿ ತುಂಬಾ ಇಷ್ಟವಾಗೋದು ಕ್ಯಾಶ್ ಕೌಂಟರ್ ಪಕ್ಕದಲ್ಲಿರೋ ಬೋರ್ಡು. ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆದು ರಾತ್ರಿ ಒರೆಸುತ್ತಾರಲ್ಲ, ಅದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ವರ್ಷವಿಡೀ ಇದ್ದೇ ಇರುತ್ತೆ. ಡಿಸೆಂಬರ್ ಬಂತು ಅಂದರೆ ಅದರ ಕೆಳಗೆ ಅವರೆಕಾಳು ಉಪ್ಪಿಟ್ಟು ಅಂತ ಒಂದು ಸಾಲು ಸೇರುತ್ತೆ. ಬೇಸಿಗೆ ಶುರುವಾಗುವಾಗ ಅದು ಹೋಗಿ ಮಾವಿನಕಾಯಿ ಚಿತ್ರಾನ್ನ ಬರುತ್ತೆ. ಆ ಒಂದು ಸಾಲನ್ನ ನೋಡಿ ತಿನ್ನೋದು ಹೊರಗೆ ತಿನ್ನೋದರಲ್ಲೇ ದೊಡ್ಡ ಸುಖ ಅಂತ ನಾನು ಗಟ್ಟಿಯಾಗಿ ನಂಬಿದ್ದೀನಿ.

ಮೊದಲು ಅವರೆಕಾಯಿ ವಿಷಯಕ್ಕೇ ಬರ್ತೀನಿ, ಯಾಕಂದರೆ ಹಳೇ ಮೈಸೂರು ಕಡೆಯವರಿಗೆ ಚಳಿಗಾಲ ಅಂದರೆ ಅದೇ. ಊರಿನ ಸುತ್ತಮುತ್ತ ಮಾಗಡಿ, ಕನಕಪುರ, ಹೊಸಕೋಟೆ, ಚಿಂತಾಮಣಿ ಕಡೆಯಿಂದ ಮೂಟೆ ಮೂಟೆ ಬರುತ್ತೆ. ಒಳ್ಳೆ ಕಾಯಿ ಹೇಗೆ ಗೊತ್ತಾಗುತ್ತೆ ಅಂದರೆ, ಸುಲಿದ ಮೇಲೆ ಬೆರಳು ಅಂಟಂಟಾಗಬೇಕು, ಕೈ ತೊಳೆದರೂ ವಾಸನೆ ಪೂರ್ತಿ ಹೋಗಬಾರದು. ಅದೇ ಸೊಗಡು. ಮಂಜು ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ಮಾರುವವರು ಹೇಳ್ತಾರೆ. ಹಳೇ ನಾಟಿ ತಳಿಗಳು ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತವೆ, ಹಾಗಾಗಿ ಅವು ಚಳಿಗಾಲಕ್ಕೇ ಸರಿಯಾಗಿ ಮಾರ್ಕೆಟ್ಟಿಗೆ ಬರುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿಗಳನ್ನು ತಂದರು, ಅವಕ್ಕೆ ಹಗಲಿನ ಲೆಕ್ಕ ಇಲ್ಲ, ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ರೈತರಿಗೆ ಅದು ನಿಜಕ್ಕೂ ದೊಡ್ಡ ಅನುಕೂಲ. ಈಗ ಜುಲೈನಲ್ಲೂ ಅವರೆಕಾಯಿ ಸಿಗೋದು ಅದರಿಂದಲೇ. ಆದರೆ ತಿನ್ನೋ ನಾಲಿಗೆಗೆ ಜನವರಿ ಕಾಯಿಗೂ ಜುಲೈ ಕಾಯಿಗೂ ಇರೋ ವ್ಯತ್ಯಾಸ ಮೊದಲ ತುತ್ತಿಗೇ ಗೊತ್ತಾಗಿಬಿಡುತ್ತೆ.

ಇದನ್ನ ಯಾಕೆ ಹೇಳಿದೆ ಅಂದರೆ, ಈಗೀಗ ದೊಡ್ಡ ಎಸಿ ರೆಸ್ಟೋರೆಂಟ್‌ಗಳಲ್ಲೂ ಫುಡ್ ಫೆಸ್ಟಿವಲ್ ಅಂತ ಮಾಡ್ತಾರೆ. ಅಂಥ ಒಂದು ಕಡೆ ಬೇಸಿಗೆಯಲ್ಲಿ ಅವರೆಬೇಳೆ ಹಬ್ಬದ ಬಫೆಗೆ ಹೋಗಿದ್ದೆ. ಬಾಗಿಲಿಗೆ ಬಾಳೆಕಂದು, ಸ್ಟೀಲ್ ಬದಲು ತಾಮ್ರದ ಪಾತ್ರೆ, ನೋಡೋಕೆ ಎಲ್ಲಾ ಚೆಂದ. ಕಾಳು ಮಾತ್ರ ಫ್ರೀಜರ್‌ನಲ್ಲಿ ಇಟ್ಟಿದ್ದು. ಸಾರು ಖಾರ ಇತ್ತು, ಹುಳಿ ಇತ್ತು, ಸೊಗಡೇ ಇರಲಿಲ್ಲ. ತುಂಬಾ ಬೇಜಾರಾಯ್ತು. ಅಷ್ಟು ದುಡ್ಡು ತಗೊಳ್ಳುವವರು ಹಬ್ಬವನ್ನ ನಾಲ್ಕು ತಿಂಗಳು ಮುಂಚೆ ಮಾಡಿದ್ದರೆ ಅದೇ ಅಡುಗೆಯವರ ಕೈಯಲ್ಲಿ ಎಷ್ಟು ಒಳ್ಳೆ ಊಟ ಆಗುತ್ತಿತ್ತು!

ಮೇಳ ಅಂದರೆ ವಿಶ್ವೇಶ್ವರಪುರದ ಅವರೆಬೇಳೆ ಮೇಳ. ವಿ.ವಿ. ಪುರಂ ತಿಂಡಿ ಬೀದಿಯಲ್ಲಿ, ಸಜ್ಜನರಾವ್ ಸರ್ಕಲ್ ಹತ್ತಿರ ಶುರುವಾಗಿ, ಜನ ಹಿಡಿಸದಷ್ಟು ಬೆಳೆದು, ಈಚಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಇಳಿದರೆ ಸಾಕು. ಅಲ್ಲಿ ಅವರೆಬೇಳೆ ದೋಸೆ, ಒಬ್ಬಟ್ಟು, ವಡೆ, ನಿಪ್ಪಟ್ಟು, ಜಿಲೇಬಿ, ಜಾಮೂನು, ಐಸ್‌ಕ್ರೀಮ್‌ವರೆಗೂ ಮಾಡ್ತಾರೆ. ಜಿಲೇಬಿಯಲ್ಲಿ ಅವರೆಬೇಳೆ ಯಾಕೆ ಅಂತ ಕೇಳುವವರಿದ್ದಾರೆ, ಇರಲಿ, ಒಂದು ಸಲ ತಿಂದು ನೋಡೋದರಲ್ಲಿ ತಪ್ಪೇನಿದೆ? ನನಗೆ ಮಾತ್ರ ಅಲ್ಲಿ ತಿನ್ನಬೇಕಾದ್ದು ಅಂದರೆ ಅಕ್ಕಿ ರೊಟ್ಟಿ ಜೊತೆ ಹಿತಕಿದ ಬೇಳೆ ಸಾರು.

ಹಿತಕೋದನ್ನ ನೋಡಿಲ್ಲದವರು ಒಂದು ಸಲ ಹತ್ತಿರ ನಿಂತು ನೋಡಿ. ಸುಲಿದ ಕಾಳನ್ನ ಮೊದಲು ನೀರಲ್ಲಿ ನೆನೆಹಾಕಿರುತ್ತಾರೆ. ಆಮೇಲೆ ಒಂದೊಂದೇ ಕಾಳನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪಟ್ ಅಂತ ಪಾತ್ರೆಗೆ ಹಾರುತ್ತೆ. ಅಭ್ಯಾಸ ಇರುವವರು ಮಾತಾಡ್ತಾ, ಪಾತ್ರೆ ಕಡೆ ನೋಡದೇ ಮಾಡ್ತಾ ಇರ್ತಾರೆ. ಕಾಯಿ ಮೂಟೆ ಎಷ್ಟೇ ದೊಡ್ಡದಿರಲಿ, ಸುಲಿದು, ಹುಳ ಇದ್ದದ್ದು ಆರಿಸಿ, ನೆನೆಸಿ, ಹಿತಕಿ ಮುಗಿಯೋ ಹೊತ್ತಿಗೆ ಕೈಗೆ ಬರೋ ಬೇಳೆ ಇಷ್ಟೇ ಇಷ್ಟು. ಆ ಬೇಳೆಗೆ ರೇಟು ಜಾಸ್ತಿ ಅಂತ ಚೌಕಾಸಿ ಮಾಡೋಕೆ ನನಗೆ ಮನಸ್ಸು ಬರೋದಿಲ್ಲ.

ವಾರದ ಮಧ್ಯೆ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಹೋಗಿ. ಶನಿವಾರ ಭಾನುವಾರ ಸಂಜೆ ಹೋದರೆ ತಟ್ಟೆ ಹಿಡಿದುಕೊಂಡು ನಿಲ್ಲೋಕೂ ಜಾಗ ಇರಲ್ಲ.

ಈಗ ನಾನು ನಿಜಕ್ಕೂ ಹೇಳಬೇಕು ಅಂದುಕೊಂಡಿದ್ದು. ಮೇಳ ವರ್ಷಕ್ಕೊಮ್ಮೆ. ಅಲ್ಲಿ ರುಚಿ ಹತ್ತಿಸಿಕೊಳ್ಳಿ, ಆದರೆ ಸೀಸನ್ ಪೂರ್ತಿ ತಿನ್ನೋಕೆ ನಿಮ್ಮ ಏರಿಯಾದ ಹೋಟೆಲ್ಲೇ ಆಗಬೇಕು. ಸಣ್ಣ ದರ್ಶಿನಿ ನಡೆಸುವವರಿಗೆ ಅವರೆಕಾಳು ಅಂದರೆ ಕೆಲಸ ಜಾಸ್ತಿ, ಲಾಭ ಕಮ್ಮಿ. ರವೆ ಉಪ್ಪಿಟ್ಟಿಗೆ ಬೀನ್ಸು ಕ್ಯಾರೆಟ್ಟು ಹಾಕಿದರೆ ಅವರ ಕೆಲಸ ಸಲೀಸಾಗಿ ಆಗಿಬಿಡುತ್ತೆ. ಆದರೂ ಕೆಲವರು ಮಾಡ್ತಾರೆ, ಯಾಕೆ ಅಂದರೆ ಕೇಳುವ ಗಿರಾಕಿಗಳು ಇನ್ನೂ ಇದ್ದಾರೆ. ಕೇಳೋದು ನಿಂತರೆ ಬೋರ್ಡಿನ ಆ ಸಾಲೂ ನಿಲ್ಲುತ್ತೆ. ನಮ್ಮ ಏರಿಯಾದ ಹೋಟೆಲ್ ಒಂದರಲ್ಲಿ ಹೀಗೇ ಬಿಟ್ಟುಬಿಟ್ಟಿದ್ದರು. ಬೆಳಿಗ್ಗೆ ಕಾಫಿಗೆ ಬರೋ ನಾಲ್ಕೈದು ಜನ ಸುಮ್ನೆ ದಿನಾ "ಅವರೆಕಾಳು ಉಪ್ಪಿಟ್ಟು ಯಾವಾಗ ಸ್ವಾಮಿ?" ಅಂತ ಕೇಳ್ತಾ ಬಂದೆವು. ಸಂಕ್ರಾಂತಿ ಹಿಂದಿನ ವಾರ ಅಡುಗೆ ಭಟ್ಟರೇ ಹೊರಗೆ ಬಂದು "ನಾಳೆ ಎಂಟು ಗಂಟೆಗೆ ಬನ್ನಿ, ಒಂಬತ್ತಕ್ಕೆ ಇರಲ್ಲ" ಅಂದರು. ಎಂಟಕ್ಕೇ ಹೋದೆವು. ತೆಂಗಿನತುರಿ ಧಾರಾಳ, ಎಣ್ಣೆ ತುಪ್ಪ ಎರಡೂ ಇತ್ತು, ಕಾಳು ಬೆಂದಿತ್ತು, ಕರಗಿರಲಿಲ್ಲ. ಅದರ ಮೇಲೆ ಒಂದು ಬೈಟು ಕಾಫಿ!

ಕೇಳೋದಕ್ಕೂ ಒಂದು ರೀತಿ ಇದೆ. ಮೆನು ಕಾರ್ಡ್ ಕೈಗೆ ತಗೊಳ್ಳೋ ಮೊದಲು "ಅಣ್ಣ, ಇವತ್ತು ಏನು ಬಿಸಿ ಇದೆ?" ಅಂತ ಸಪ್ಲೈಯರ್‌ನ ಕೇಳಿ. ಅಕ್ಕಿ ರೊಟ್ಟಿ ಆದರೆ ಮೊದಲೇ ತಟ್ಟಿಟ್ಟಿದ್ದು ಬೇಡ, ಕಾಯ್ತೀನಿ, ಹೊಸದಾಗಿ ಹಾಕಿ ಅನ್ನಿ. ಸಬ್ಬಸಿಗೆ ಸೊಪ್ಪು, ಅವರೆಕಾಳು ಸೇರಿಸಿ ತಟ್ಟಿ, ನಡುವೆ ಬೆರಳಲ್ಲಿ ತೂತು ಮಾಡಿ ಅದರೊಳಗೆ ಎಣ್ಣೆ ಬಿಟ್ಟು ಬೇಯಿಸಿದ ರೊಟ್ಟಿ ಕಾವಲಿಯಿಂದ ನೇರವಾಗಿ ತಟ್ಟೆಗೆ ಬರಬೇಕು. ಹತ್ತು ನಿಮಿಷ ಆರಿದರೆ ಚರ್ಮದ ಹಾಗೆ ಗಟ್ಟಿಯಾಗುತ್ತೆ. ಮುದ್ದೆ ಇಷ್ಟಪಡುವವರು ಮಧ್ಯಾಹ್ನ ಮುದ್ದೆ ಹೋಟೆಲ್‌ಗೆ ಹೋಗಿ ಹಿತಕಿದ ಬೇಳೆ ಸಾರು ಇದೆಯಾ ಅಂತ ಕೇಳಿ.

ಸಿಗುವ ಸಾಮಾನು ನೋಡಿಕೊಂಡು ಅಡುಗೆ ಮಾಡೋದು ಈ ಊರಿನ ಹೋಟೆಲ್‌ಗಳಿಗೆ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಲ್ಲಿ ರವೆಯಿಂದಲೇ ಇಡ್ಲಿ ಮಾಡಿದರು. ರವಾ ಇಡ್ಲಿ ಹುಟ್ಟಿದ್ದು ಹಾಗೆ.

ಅವರೆಗಿಂತ ಮೊದಲು ಬರೋದು ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕ ಮಾಸದ ಕೊನೆಯ ಸೋಮವಾರ, ದೊಡ್ಡ ಗಣೇಶ ಮತ್ತು ದೊಡ್ಡ ಬಸವಣ್ಣನ ಗುಡಿ ಮುಂದಿನ ರಸ್ತೆ ಉದ್ದಕ್ಕೂ ಕಡಲೆಕಾಯಿ ರಾಶಿ. ಸುಂಕೇನಹಳ್ಳಿ ರೈತರ ಕಡಲೆಕಾಯಿ ಹೊಲವನ್ನ ಬಸವ ತಿಂದು ಹೋಗ್ತಿತ್ತು, ಅದಕ್ಕೇ ಮೊದಲ ಫಸಲು ಬಸವಣ್ಣನಿಗೆ ಅನ್ನೋದು ಊರಿನ ಕಥೆ. ಹಸಿಯದು, ಹುರಿದಿದ್ದು, ಬೇಯಿಸಿದ್ದು ಮೂರೂ ಸಿಗುತ್ತೆ. ನನ್ನ ಮಾತು ಕೇಳಿದರೆ ಬೇಯಿಸಿದ್ದನ್ನ ಅಲ್ಲೇ ನಿಂತು ತಿನ್ನಿ, ಹುರಿದದ್ದನ್ನ ಬಟ್ಟೆ ಚೀಲದಲ್ಲಿ ಮನೆಗೆ ತಗೊಂಡು ಹೋಗಿ.

ಪರಿಷೆಗೆ ಹೋದ ದಿನ ತಿಂಡಿಗೆ ದೂರ ಹೋಗಬೇಕಿಲ್ಲ. ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಇದೆ, 1943ರಿಂದ ಇರೋದು, ಆದರೆ ಅವತ್ತು ಕ್ಯೂ ರಸ್ತೆಗೇ ಬಂದಿರುತ್ತೆ. ಕಾಯೋ ತಾಳ್ಮೆ ಇಲ್ಲದಿದ್ದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ನಡೆದುಬಿಡಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಟೀ, ಅಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಎಷ್ಟು ಬೇಕಾದರೂ ಹಾಕ್ತಾರೆ. ಸೀಸನ್‌ಗೂ ಆ ಮೆನುಗೂ ಸಂಬಂಧವೇ ಇಲ್ಲ, ಆದರೂ ಆ ಚಟ್ನಿಗೆ ನನ್ನ ತಕರಾರು ಏನೂ ಇಲ್ಲ.

ಫೆಬ್ರವರಿಯಲ್ಲಿ ಹಾಪ್‌ಕಾಮ್ಸ್‌ನವರ ದ್ರಾಕ್ಷಿ, ಕಲ್ಲಂಗಡಿ ಮೇಳ. ಹಾಪ್‌ಕಾಮ್ಸ್ ಶುರುವಾಗಿದ್ದೇ 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಬೆಂಗಳೂರು ಬ್ಲೂ ದ್ರಾಕ್ಷಿ ಸಿಕ್ಕರೆ ಬಿಡಬೇಡಿ, ಬೀಜ ಇರುತ್ತೆ, ಸಿಪ್ಪೆ ದಪ್ಪ, ಆದರೆ ಜ್ಯೂಸ್‌ಗೆ ಅದರ ಹತ್ತಿರ ಯಾವುದೂ ಬರಲ್ಲ. ಜ್ಯೂಸ್ ಅಂಗಡಿಯಲ್ಲೂ ಅದರದ್ದೇ ಕೇಳಿ.

ಯುಗಾದಿಗೆ ಬಾಳೆಲೆ ಊಟ ಹಾಕೋ ಹೋಟೆಲ್‌ಗಳು ಈಗ ಬೇಕಾದಷ್ಟಿವೆ. ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಹೋಳಿಗೆ ಸಾರು. ಎಲ್ಲಿ ಹೋದರೂ ಮೊದಲ ಪಂಕ್ತಿಯಲ್ಲೇ ಕೂರಿ, ತಡವಾದಷ್ಟೂ ಹೋಳಿಗೆ ತಣ್ಣಗಾಗಿರುತ್ತೆ. ಮಾರನೇ ದಿನ ಹೊಸತೊಡಕು, ಅಂದರೆ ಮಾಂಸದೂಟದ ದಿನ. ಅವತ್ತು ಮಿಲಿಟರಿ ಹೋಟೆಲ್‌ಗಳ ಭರಾಟೆ ನೋಡಬೇಕು, ಮಧ್ಯಾಹ್ನ ಆಗೋ ಹೊತ್ತಿಗೆ ಎಷ್ಟೋ ಕಡೆ ಖಾಲಿ. ರಂಜಾನ್ ತಿಂಗಳ ಸಂಜೆ ಫ್ರೇಜರ್ ಟೌನ್ ಕಡೆ ಹೋದರೆ ಹಲೀಮ್ ಸಿಗುತ್ತೆ. ಗೋಧಿ, ಬೇಳೆ, ಮಾಂಸ ಸೇರಿಸಿ ಗಂಟೆಗಟ್ಟಲೆ ಬೇಯಿಸಿ ಕಡೆದಿರುತ್ತಾರೆ, ಚಮಚದಲ್ಲಿ ತೆಗೆದರೆ ಯಾವುದು ಯಾವುದು ಅಂತ ಬೇರೆ ಮಾಡೋಕೆ ಆಗಲ್ಲ. ಮೇಲೆ ಹುರಿದ ಈರುಳ್ಳಿ, ಒಂದು ಹೋಳು ನಿಂಬೆ. ಜೊತೆಗೆ ತಿನ್ನೋಕೆ ಯಾರನ್ನಾದರೂ ಕರಕೊಂಡು ಹೋಗಿ, ಬೇಗ ಹೊಟ್ಟೆ ತುಂಬುತ್ತೆ.

ಬೇಸಿಗೆಗೆ ಮಾವು. ಲಾಲ್‌ಬಾಗ್‌ನ ಮಾವಿನ ಮೇಳದಲ್ಲಿ ರೈತರೇ ತಂದು ಮಾರ್ತಾರೆ, ಕೋಲಾರದ ಶ್ರೀನಿವಾಸಪುರದ ಕಡೆಯವರೂ ಬರ್ತಾರೆ. ಕಾರ್ಬೈಡ್ ಹಾಕಿ ಹಣ್ಣು ಮಾಡಿದ್ದಲ್ಲ ಅನ್ನೋದೇ ದೊಡ್ಡ ಸಮಾಧಾನ. ಬಾದಾಮಿ ಹೆಸರು ಎಲ್ಲರಿಗೂ ಗೊತ್ತು, ನನ್ನ ಓಟು ರಸಪುರಿಗೆ. ಸೀಕರಣೆ ಮಾಡೋಕೆ ಅದೇ ಬೇಕು, ಹಿಂಡಿದರೆ ರಸ ತಾನಾಗೇ ಬರುತ್ತೆ, ಹಾಲು ಬೆಲ್ಲ ಏಲಕ್ಕಿ ಸೇರಿಸಿದರೆ ಮುಗೀತು. ಊಟದ ಹೋಟೆಲ್‌ಗಳಲ್ಲಿ ಮೇ ತಿಂಗಳಲ್ಲಿ ಸೀಕರಣೆ ಇದೆಯಾ ಅಂತ ಕೇಳಿ ನೋಡಿ, ಫ್ರೂಟ್ ಸಲಾಡ್ ಇಡುವವರಿಗೆ ಅದೇನು ಕಷ್ಟದ ಕೆಲಸ ಅಲ್ಲ ಅಲ್ವಾ? ಮಲ್ಲಿಕಾ ಸ್ವಲ್ಪ ತಡವಾಗಿ ಬರುತ್ತೆ. ಅದು ಇಷ್ಟ ಇರುವವರು ಮೇಳದ ಮೊದಲ ವಾರಕ್ಕೇ ಓಡಬೇಡಿ, ಜೂನ್‌ವರೆಗೂ ಕಾಯಿರಿ.