‘ಸರ್’ ಅಂದವರ ಮೇಲೆ ನನಗೆ ಕೋಪವಿಲ್ಲ

ನನ್ನನ್ನು ಗಂಡಸು ಅಂದುಕೊಳ್ಳುವವರು ಬಹಳ ಜನ. ನಾನು ಹೆಂಗಸು. ಎತ್ತರ ಸ್ವಲ್ಪ ಜಾಸ್ತಿ, ಕೂದಲು ಗಿಡ್ಡ, ದನಿ ದಪ್ಪ, ನಡಿಗೆ ಬಿರುಸು. ಈ ನಾಲ್ಕರಲ್ಲಿ ಎರಡು ಕಣ್ಣಿಗೋ ಕಿವಿಗೋ ಬಿದ್ದರೆ ಸಾಕು, ಎದುರಿನವರು ತೀರ್ಮಾನ ಮಾಡಿ ಮುಗಿಸಿರುತ್ತಾರೆ. ‘ಸರ್, ಸ್ವಲ್ಪ ಜಾಗ ಬಿಡಿ.’ ‘ಸರ್, ನಿಮ್ಮ ಸರದಿ.’ ನಾನು ಜಾಗ ಬಿಡುತ್ತೇನೆ, ನನ್ನ ಸರದಿಗೆ ಹೋಗುತ್ತೇನೆ. ಅಲ್ಲಿಗೆ ಮುಗಿದರೆ ಯಾರಿಗೂ ನಷ್ಟವಿಲ್ಲ.

ಆದರೆ ಅಲ್ಲಿಗೆ ಮುಗಿಯುವುದು ಕಡಿಮೆ. ತಪ್ಪು ಗೊತ್ತಾದ ಮೇಲಿನ ಅರ್ಧ ನಿಮಿಷ ಇದೆಯಲ್ಲ, ನನಗೆ ಬೇಜಾರು ತರಿಸುವುದು ಅದು.

ಕೆಲವರು ಕ್ಷಮೆ ಕೇಳುತ್ತಾರೆ. ಒಂದು ಸಲ ಕೇಳಿದರೆ ಸರಿ. ಆದರೆ ಇವರು ನಿಲ್ಲಿಸುವುದೇ ಇಲ್ಲ, ‘ಅಯ್ಯೋ ಸಾರಿ, ನಿಜವಾಗಲೂ ಸಾರಿ, ಬೇಜಾರು ಮಾಡ್ಕೋಬೇಡಿ, ಹಿಂದಿನಿಂದ ಗೊತ್ತಾಗಲಿಲ್ಲ, ಮುಂದಿನಿಂದ ನೋಡಿದ್ರೆ ಹಾಗೇನಿಲ್ಲ’ ಅಂತ ಹೇಳುತ್ತಾ ಹೇಳುತ್ತಾ ಅಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿ ನೋಡುವ ಹಾಗೆ ಮಾಡುತ್ತಾರೆ. ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಬೇಕು. ಇನ್ನು ಕೆಲವರು ತಪ್ಪನ್ನು ನನಗೇ ದಾಟಿಸುತ್ತಾರೆ: ‘ಹೀಗೆ ಕೂದಲು ಕತ್ತರಿಸಿಕೊಂಡರೆ ಯಾರಿಗೆ ಗೊತ್ತಾಗುತ್ತೆ ಹೇಳಿ?’ ನಾನೇನೋ ಬೋರ್ಡು ತಗುಲಿಸಿಕೊಂಡು ಓಡಾಡಬೇಕಿತ್ತು, ಮರೆತು ಬಂದಿದ್ದೇನೆ ಅನ್ನುವ ಧಾಟಿ. ಎಲ್ಲಕ್ಕಿಂತ ಕೆಟ್ಟವರು ಮಾತಾಡದೆ ಪರೀಕ್ಷೆ ಮಾಡುವವರು. ಕಣ್ಣು ಮುಖದಿಂದ ಎದೆಗೆ, ಎದೆಯಿಂದ ಕೈಗೆ, ಕೈಯಿಂದ ಚಪ್ಪಲಿಗೆ ಇಳಿದು ಮತ್ತೆ ಮೇಲಕ್ಕೆ ಬರುತ್ತದೆ. ಸಾಕ್ಷಿ ಹುಡುಕುತ್ತಿದ್ದಾರೆ. ಬೇರೆ ಯಾವ ಸಂದರ್ಭದಲ್ಲೂ ಇಷ್ಟು ಧಾರಾಳವಾಗಿ ಇನ್ನೊಬ್ಬರ ಮೈ ನೋಡಲು ನಾಚುವವರು ಇಲ್ಲಿ ಮಾತ್ರ ನಾಚುವುದಿಲ್ಲ, ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲ ತಪ್ಪಿನ ಮೇಲೆ ಕೋಪವಿಲ್ಲ ಅಂದೆನಲ್ಲ, ಅದಕ್ಕೆ ಕಾರಣವಿದೆ. ಅದನ್ನು ಯಾರೂ ಬೇಕಂತ ಮಾಡುವುದಿಲ್ಲ. ನೋಡಿದ ತಕ್ಷಣ ಮಿದುಳು ಊಹೆ ಮಾಡಿ ಮುಗಿಸಿರುತ್ತದೆ, ಅದೂ ಬಹಳ ಕಡಿಮೆ ಸುಳಿವಿನ ಮೇಲೆ. 1977ರಲ್ಲಿ ಕೊಜ್ಲೋವ್‌ಸ್ಕಿ ಮತ್ತು ಕಟಿಂಗ್ ಅನ್ನುವ ಇಬ್ಬರು ಸಂಶೋಧಕರು ನಡೆಯುವವರ ಕೀಲುಗಳಿಗೆ ಮಾತ್ರ ಹೊಳೆಯುವ ಗುರುತು ಅಂಟಿಸಿ ಅದರ ವಿಡಿಯೋ ತೋರಿಸಿದರು. ನೋಡುವವರಿಗೆ ಕಾಣುತ್ತಿದ್ದದ್ದು ಕತ್ತಲಲ್ಲಿ ಓಡಾಡುವ ಚುಕ್ಕೆಗಳು ಅಷ್ಟೇ. ಮುಖವಿಲ್ಲ, ಬಟ್ಟೆಯಿಲ್ಲ, ಕೂದಲಿಲ್ಲ. ಆದರೂ ಮೂರರಲ್ಲಿ ಹೆಚ್ಚುಕಡಿಮೆ ಎರಡು ಸಲ ನಡೆಯುವವರು ಗಂಡೋ ಹೆಣ್ಣೋ ಅಂತ ಸರಿಯಾಗಿ ಹೇಳಿದರು. ಚುಕ್ಕೆ ನೋಡಿ ಅಷ್ಟು ಹೇಳಿದ್ದು ದೊಡ್ಡ ವಿಷಯವೇ. ಆದರೆ ನನ್ನಂಥವಳ ಕಣ್ಣು ಹೋಗುವುದು ತಪ್ಪಿಹೋದ ಆ ಮೂರನೆಯ ಸಲದ ಮೇಲೆ.

ಮುಖದ ಕಥೆ ಇನ್ನೂ ಮಜವಾಗಿದೆ. ಸಾಮಾನ್ಯವಾಗಿ ಹೆಂಗಸರ ಮುಖದಲ್ಲಿ ಕಣ್ಣು, ತುಟಿಗಳಿಗೂ ಸುತ್ತಲಿನ ಚರ್ಮಕ್ಕೂ ಇರುವ ಬಣ್ಣದ ಅಂತರ ಗಂಡಸರ ಮುಖದಲ್ಲಿ ಇರುವುದಕ್ಕಿಂತ ಜಾಸ್ತಿ. ರಿಚರ್ಡ್ ರಸೆಲ್ ಅನ್ನುವ ಮನಶ್ಶಾಸ್ತ್ರಜ್ಞ 2009ರಲ್ಲಿ ತೋರಿಸಿದ್ದು ಏನೆಂದರೆ, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಒಂದೇ ಮುಖದ ಚಿತ್ರದಲ್ಲಿ ಆ ಅಂತರ ಹೆಚ್ಚು ಮಾಡಿದರೆ ಹೆಣ್ಣಾಗಿ ಕಾಣುತ್ತದೆ, ಕಡಿಮೆ ಮಾಡಿದರೆ ಗಂಡಾಗಿ ಕಾಣುತ್ತದೆ. ಮೂಗು ಅದೇ, ದವಡೆ ಅದೇ. ಕಾಡಿಗೆ, ಲಿಪ್‌ಸ್ಟಿಕ್ ಹಚ್ಚಿದಾಗ ಆಗುವುದೂ ಇದೇ. ಹಚ್ಚಿಕೊಂಡ ದಿನ ನನ್ನನ್ನು ‘ಸರ್’ ಅನ್ನುವವರು ಕಡಿಮೆಯಾಗುತ್ತಾರೆ, ನಿಜ. ಆದರೆ ಹಾಲು ಉಕ್ಕದ ಹಾಗೆ ಕಾಯುತ್ತಾ ನಿಲ್ಲುವಂತೆ ದಿನವಿಡೀ ಮುಖ ಕಾಯುತ್ತಾ ಕೂರುವುದು ನನ್ನಿಂದ ಆಗದ ಕೆಲಸ.

ಇನ್ನು ದನಿ. ಗಂಡಸರ ಮಾತಿನ ಮೂಲ ಶ್ರುತಿ, ಅಂದರೆ ಗಂಟಲಿನ ತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಅನ್ನುವ ಲೆಕ್ಕ, ಸಾಮಾನ್ಯವಾಗಿ 100ರಿಂದ 130 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ, ಹೆಂಗಸರದು 180ರಿಂದ 220. ಇದು ಸರಾಸರಿ. 150ರ ಸುತ್ತಮುತ್ತ ಎರಡೂ ಕಡೆಯವರು ಸಿಗುತ್ತಾರೆ, ನಾನು ಅಲ್ಲೇ ಎಲ್ಲೋ ಇದ್ದೇನೆ. ಎದುರಿಗಿದ್ದರೆ ಮುಖ, ಮೈ, ಬಟ್ಟೆ ಎಲ್ಲ ಸೇರಿ ಹೇಗೋ ಲೆಕ್ಕ ಸರಿಹೋಗುತ್ತದೆ. ಫೋನಿನಲ್ಲಿ ಉಳಿಯುವುದು ದನಿ ಮಾತ್ರ, ಅದೂ ಪೂರ್ತಿ ಅಲ್ಲ. ಹಳೆಯ ದೂರವಾಣಿ ವ್ಯವಸ್ಥೆ ಸುಮಾರು 300ರಿಂದ 3400 ಹರ್ಟ್ಸ್ ನಡುವಿನ ಸದ್ದನ್ನಷ್ಟೇ ದಾಟಿಸುತ್ತದೆ. ಅಂದರೆ ಗಂಡಸರದಾಗಲಿ ಹೆಂಗಸರದಾಗಲಿ ಮೂಲ ಶ್ರುತಿ ಆ ಕಡೆಗೆ ಹೋಗುವುದೇ ಇಲ್ಲ! ಅದರ ಮೇಲಿನ ಪದರಗಳನ್ನು ಕೇಳಿ, ಕೆಳಗೆ ಏನಿದ್ದಿರಬಹುದು ಅಂತ ಕೇಳುವವರ ಮಿದುಳೇ ತುಂಬಿಕೊಳ್ಳುತ್ತದೆ. ಇಷ್ಟು ಗೊತ್ತಾದ ಮೇಲೆ ಫೋನಿನಲ್ಲಿ ‘ಹೇಳಿ ಸರ್’ ಅಂದವರನ್ನು ನಾನು ಹೇಗೆ ಬಯ್ಯಲಿ?

ಬಯ್ಯುವಂಥದ್ದು ಬೇರೆ ಕಡೆ ಆಗುತ್ತದೆ. ನನ್ನದೇ ಖಾತೆಯ ಬಗ್ಗೆ ವಿಚಾರಿಸಲು ಒಂದು ಬ್ಯಾಂಕಿಗೆ ಫೋನ್ ಮಾಡಿದ್ದೆ. ಹೆಸರು ಹೇಳಿದೆ, ಹುಟ್ಟಿದ ದಿನಾಂಕ ಹೇಳಿದೆ, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟೆ. ಆ ಕಡೆಯವರು ಬಹಳ ವಿನಯದಿಂದ ‘ಖಾತೆ ನಿಮ್ಮ ಪತ್ನಿಯವರ ಹೆಸರಲ್ಲಿದೆ ಸರ್, ಅವರಿಗೇ ಫೋನ್ ಕೊಡಿ’ ಅಂದರು. ನಾನೇ ಅವರು ಅಂದೆ. ನಂಬಲಿಲ್ಲ. ಮತ್ತೆ ಹೇಳಿದೆ, ಆ ಕಡೆ ದನಿ ಗಟ್ಟಿಯಾಯಿತು, ಈಗ ನಾನು ಮೋಸಗಾರ. ಫೋನ್ ಇಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆ, ಮೂಗಿನಲ್ಲಿ ದನಿ ತೆಳ್ಳಗೆ ಮಾಡಿಕೊಂಡು, ನಾಟಕದ ರಾಜಕುಮಾರಿಯ ಥರ ‘ನಮಸ್ಕಾರಾ…’ ಅಂತ ಎಳೆದೆ. ಕೆಲಸ ಆಯಿತು. ನನ್ನ ನಿಜವಾದ ದನಿ ಸುಳ್ಳಾಯಿತು, ಸುಳ್ಳು ದನಿ ಪಾಸಾಯಿತು. ಆ ರಾಜಕುಮಾರಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ, ಬೇಕಾದಾಗ ಹೊರಗೆ ಬರುತ್ತಾಳೆ.

ಶೌಚಾಲಯದಲ್ಲಿ ಮಾತ್ರ ರಾಜಕುಮಾರಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಯಾರೂ ಮಾತಾಡುವುದಿಲ್ಲವಲ್ಲ. ಬಾಗಿಲು ತಳ್ಳಿ ಒಳಗೆ ಹೋದರೆ ಕೈ ತೊಳೆಯುತ್ತಿದ್ದವರು ಕನ್ನಡಿಯಲ್ಲಿ ನನ್ನನ್ನು ನೋಡಿ ಬೆಚ್ಚುತ್ತಾರೆ. ಅವರ ಭಯ ಸುಳ್ಳಲ್ಲ, ಅದು ಎಲ್ಲಿಂದ ಬರುತ್ತದೆ ಅಂತ ನನಗೂ ಗೊತ್ತು, ನಾನೂ ಹೆಂಗಸೇ ಅಲ್ವಾ. ಹಾಗಾಗಿ ಅಲ್ಲಿ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ, ಸುಮ್ನೆ ನಗಲೂ ಆಗುವುದಿಲ್ಲ. ಎದೆ ಸ್ವಲ್ಪ ಮುಂದೆ ಮಾಡಿ ನಡೆಯುತ್ತೇನೆ. ಜೊತೆಗೆ ಗೆಳತಿ ಇದ್ದರೆ ಬಾಗಿಲ ಹತ್ತಿರವೇ ಅವಳ ಜೊತೆ ಏನಾದರೂ ಮಾತು ತೆಗೆಯುತ್ತೇನೆ. ಒಬ್ಬಳೇ ಇದ್ದರೆ, ತೀರಾ ತಡೆಯಲಾಗದಿದ್ದರೆ ಮಾತ್ರ ಹೋಗುತ್ತೇನೆ. ದೂರದ ಪ್ರಯಾಣದಲ್ಲಿ ನೀರು ಕಡಿಮೆ ಕುಡಿಯುವುದು ಅಭ್ಯಾಸವಾಗಿದೆ. ಟ್ರಾನ್ಸ್ ಜನರಿಗೆ ಇದೇ ಬಾಗಿಲು ಇನ್ನೆಷ್ಟು ಭಾರ ಅಂತ ನಾನು ಊಹಿಸಬಲ್ಲೆ ಅಷ್ಟೇ. ನನ್ನನ್ನು ತಪ್ಪಾಗಿ ಕರೆದವರು ಗೊತ್ತಾದ ಮೇಲೆ ಒಪ್ಪಿಕೊಳ್ಳುತ್ತಾರೆ, ಟ್ರಾನ್ಸ್ ಜನರಿಗೆ ಎಷ್ಟೋ ಸಲ ಎದುರಿನವರಿಗೆ ಗೊತ್ತಾದ ಮೇಲೇ ಕಷ್ಟ ಶುರು. ಒಂದಂತೂ ನಿಜ. ಬಾಗಿಲಲ್ಲಿ ನಿಂತು ‘ಇವರು ಹೆಂಗಸೇ ಹೌದಾ’ ಅಂತ ನೋಡುವ ಕಣ್ಣು ಹೆಚ್ಚಿದಷ್ಟೂ ನನ್ನಂಥವರೂ ಸಿಕ್ಕಿಬೀಳುತ್ತಾರೆ. ನೋಟಕ್ಕೆ ಅಷ್ಟೊಂದು ವಿವೇಚನೆ ಇರುವುದಿಲ್ಲ.

ಯಂತ್ರಕ್ಕೂ ಇಲ್ಲ. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅನ್ನುವ ಸಂಶೋಧಕಿಯರು ಮುಖ ನೋಡಿ ಗಂಡು ಹೆಣ್ಣು ಹೇಳುವ ಮೂರು ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿ ಚರ್ಮದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಚರ್ಮದ ಹೆಂಗಸರ ವಿಷಯದಲ್ಲಿ ಅದು ಶೇ. 34.7ರವರೆಗೆ ಹೋಯಿತು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಇಡೀ ದೇಹ ನೋಡುವ ಸ್ಕ್ಯಾನರ್ ಇದೆಯಲ್ಲ, ಅದರ ಮುಂದೆ ನಿಂತವರು ಗಂಡೋ ಹೆಣ್ಣೋ ಅಂತ ಸಿಬ್ಬಂದಿಯೇ ನೋಡಿ ಬಟನ್ ಒತ್ತಬೇಕಿತ್ತು. ಬಟನ್ ತಪ್ಪಾದರೆ ಇರಬೇಕಾದದ್ದೇ ಇದ್ದರೂ ಯಂತ್ರ ಅನುಮಾನ ಪಡುತ್ತಿತ್ತು, ಆಮೇಲೆ ಮೈ ತಡವಿ ನೋಡುತ್ತಿದ್ದರು. ಆ ಪದ್ಧತಿ ಬದಲಿಸುತ್ತೇವೆ ಅಂತ ಅಲ್ಲಿನ ಭದ್ರತಾ ಇಲಾಖೆ 2022ರಲ್ಲಿ ಹೇಳಿತು.

ಈಗ ಸ್ವಲ್ಪ ಸಂಕೋಚದ ವಿಷಯ. ಎಷ್ಟೋ ಸಲ ನಾನು ತಪ್ಪನ್ನು ತಿದ್ದುವುದೇ ಇಲ್ಲ. ಯಾಕೆಂದರೆ ಲಾಭ ಇದೆ. ರಾತ್ರಿ ಖಾಲಿ ರಸ್ತೆಯಲ್ಲಿ ಟೋಪಿ ಹಾಕಿಕೊಂಡು ಕೈ ಜೇಬಿಗೆ ಇಳಿಸಿ ನಡೆದರೆ ಯಾರೂ ನನ್ನ ಹಿಂದೆ ಬರುವುದಿಲ್ಲ, ಯಾರೂ ಏನೂ ಅನ್ನುವುದಿಲ್ಲ. ಆ ಹೊತ್ತಿಗೆ ನಾನು ಅವರ ಪಾಲಿಗೆ ಇನ್ನೊಬ್ಬ ಗಂಡಸು, ಅಂದರೆ ಗಮನಿಸಬೇಕಾದವನಲ್ಲ. ಫೋನಿನಲ್ಲಿ ರಿಪೇರಿಯವರ ಜೊತೆ ಮಾತಾಡುವಾಗಲೂ ಅಷ್ಟೇ. ‘ಸರ್’ ಆಗಿರುವ ತನಕ ಯಾವ ಭಾಗ ಕೆಟ್ಟಿದೆ, ಯಾಕೆ ಕೆಟ್ಟಿದೆ, ಬದಲಿಸಬೇಕಾ ಬೇಡವಾ ಎಲ್ಲ ಬಿಡಿಸಿ ಹೇಳುತ್ತಾರೆ. ಮಧ್ಯದಲ್ಲಿ ಹೆಸರು ಕೇಳಿ ಹೆಂಗಸು ಅಂತ ಗೊತ್ತಾದ ತಕ್ಷಣ ವಿವರಣೆ ನಿಂತು ‘ನಾವು ನೋಡ್ಕೋತೀವಿ ಮೇಡಂ, ನೀವೇನೂ ಯೋಚನೆ ಮಾಡ್ಬೇಡಿ’ ಶುರುವಾಗುತ್ತದೆ. ಅದೇ ಮನುಷ್ಯ, ಅದೇ ಯಂತ್ರ, ಅದೇ ಫೋನ್ ಕರೆ. ಬೇರೆ ಹೆಂಗಸರಿಗೆ ಇದು ಅನುಮಾನವಾಗಿ ಉಳಿಯುತ್ತದೆ, ‘ನಾನು ಹೆಂಗಸು ಅಂತ ಹೀಗೆ ಮಾಡಿದರೇನೋ’ ಅಂತ. ನಾನು ಆ ಬದಲಾವಣೆಯನ್ನು ಒಂದೇ ಕರೆಯಲ್ಲಿ ಕೇಳಿಸಿಕೊಂಡಿದ್ದೇನೆ, ಆದ್ದರಿಂದ ನನಗೆ ಅನುಮಾನವಿಲ್ಲ.

ನನ್ನ ಗೆಳೆಯನೊಬ್ಬನದು ಇದರ ತಿರುಗುಮುರುಗು. ದಪ್ಪ ಮೀಸೆ, ತೆಳು ದನಿ. ಫೋನಿನಲ್ಲಿ ಎಲ್ಲರೂ ಅವನಿಗೆ ‘ಹೇಳಿ ಮೇಡಂ’ ಅನ್ನುತ್ತಾರೆ. ಅವನು ತಿದ್ದಿದರೆ ಆ ಕಡೆ ನಗು ತಡೆದುಕೊಳ್ಳುವುದು ಕೇಳಿಸುತ್ತದಂತೆ. ನನಗೆ ಹಾಗೆ ನಕ್ಕವರು ಕಡಿಮೆ, ‘ಗಂಡಸಿನ ಥರ ಗಟ್ಟಿಯಾಗಿದ್ದೀರಿ ಬಿಡಿ’ ಅಂತ ಹೊಗಳಿದವರೂ ಇದ್ದಾರೆ. ಹೆಂಗಸನ್ನು ಗಂಡಸು ಅಂದರೆ ಬಡ್ತಿ, ಗಂಡಸನ್ನು ಹೆಂಗಸು ಅಂದರೆ ಅವಮಾನ ಅನ್ನುವ ಲೆಕ್ಕ ಎಲ್ಲರ ತಲೆಯಲ್ಲೂ ಇದೆ, ಕ್ಷಮೆ ಕೇಳುವವರ ತಲೆಯಲ್ಲೂ. ವಯಸ್ಸಾದ ಮೇಲೆ ಹೆಂಗಸರ ಶ್ರುತಿ ಇಳಿಯುತ್ತದೆ, ಗಂಡಸರದು ಸ್ವಲ್ಪ ಏರುತ್ತದೆ. ಆಗ ನಮ್ಮಿಬ್ಬರ ಗತಿ ಏನೋ, ನೋಡಬೇಕು.

ಈ ಗಂಡು-ಹೆಣ್ಣಿನ ಲೆಕ್ಕ ತೊಟ್ಟಿಲಿನಿಂದಲೇ ಶುರುವಾಗುತ್ತದೆ. 1976ರಲ್ಲಿ ಜಾನ್ ಮತ್ತು ಸಾಂಡ್ರಾ ಕಾಂಡ್ರಿ ಅನ್ನುವವರು ಒಂದೇ ಮಗುವಿನ ವಿಡಿಯೋವನ್ನು ಬೇರೆ ಬೇರೆಯವರಿಗೆ ತೋರಿಸಿದರು. ಡಬ್ಬಿಯಿಂದ ಗೊಂಬೆ ಚಿಮ್ಮಿದಾಗ ಮಗು ಗಾಬರಿಯಾಗಿ ಅಳುತ್ತದೆ. ಗಂಡು ಮಗು ಅಂತ ಹೇಳಿಸಿಕೊಂಡವರಿಗೆ ಆ ಅಳುವಿನಲ್ಲಿ ಸಿಟ್ಟು ಕಂಡಿತು, ಹೆಣ್ಣು ಅಂತ ಹೇಳಿಸಿಕೊಂಡವರಿಗೆ ಭಯ ಕಂಡಿತು. ನಾವು ಮಗುವನ್ನು ನೋಡುವ ಮೊದಲೇ ನೋಡಿ ಮುಗಿಸಿರುತ್ತೇವೆ. ಗುರುತುಗಳೂ ಶಾಶ್ವತ ಅಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1884ರ ಒಂದು ಫೋಟೋ ಇದೆ. ಎರಡೂವರೆ ವರ್ಷದ ಹುಡುಗ, ಬಿಳಿ ಲಂಗ, ಭುಜಕ್ಕೆ ಬೀಳುವ ಕೂದಲು. ಆಗ ಅಲ್ಲಿ ಗಂಡು ಮಕ್ಕಳನ್ನು ಹಾಗೇ ಬೆಳೆಸುತ್ತಿದ್ದರು. ಈಗ ಆ ಫೋಟೋ ತೋರಿಸಿದರೆ ಎಲ್ಲರೂ ‘ಎಷ್ಟು ಮುದ್ದಾದ ಹುಡುಗಿ’ ಅನ್ನುತ್ತಾರೆ.

ನಿಜ ಹೇಳಬೇಕೆಂದರೆ ನನಗೆ ಮಕ್ಕಳ ಜೊತೆಯೇ ಸಲೀಸು. ಅವರು ನೇರವಾಗಿ ಕೇಳುತ್ತಾರೆ, ಉತ್ತರ ಇಷ್ಟವಾಗದಿದ್ದರೆ ವಾದವನ್ನೂ ಮಾಡುತ್ತಾರೆ. ಲಿಫ್ಟಿನಲ್ಲಿ ಒಂದು ಪುಟ್ಟ ಹುಡುಗಿ ‘ನೀನು ಅಂಕಲ್ಲಾ ಆಂಟಿನಾ?’ ಅಂದಳು. ಆಂಟಿ ಅಂದೆ. ‘ಅಲ್ಲ, ನಿಂಗೆ ಕೂದಲಿಲ್ಲ’ ಅಂದಳು. ಕತ್ತರಿಸಿದ್ದೇನೆ ಅಂದೆ. ಸ್ವಲ್ಪ ಯೋಚಿಸಿ ‘ಹಾಗಾದ್ರೆ ಬೆಳೆದ ಮೇಲೆ ಆಂಟಿ ಆಗ್ತೀಯಾ’ ಅಂತ ತೀರ್ಪು ಕೊಟ್ಟಳು. ಅವಳ ಅಮ್ಮ ನೆಲ ನೋಡುತ್ತಿದ್ದರು. ಆ ವಯಸ್ಸಿನ ಮಕ್ಕಳಲ್ಲಿ ಇದು ಸಹಜವಂತೆ. ಕೂದಲು, ಬಟ್ಟೆ ಬದಲಾದರೆ ಗಂಡು ಹೆಣ್ಣಾಗಬಹುದು, ಹೆಣ್ಣು ಗಂಡಾಗಬಹುದು ಅಂತ ಅವರು ನಂಬುತ್ತಾರೆ ಅನ್ನುವುದನ್ನು ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲೇ ಬರೆದಿದ್ದರು. ದೊಡ್ಡವರಾದ ಮೇಲೆ ಆ ನಂಬಿಕೆ ಹೋಗುತ್ತದೆ ಅಂತಲೂ ಹೇಳುತ್ತಾರೆ. ನನ್ನ ಅನುಭವ ಬೇರೆ.

‘ಹಾಗಿದ್ದರೆ ಏನನ್ನಬೇಕು?’ ಅಂತ ಕೆಲವರು ಕೇಳುತ್ತಾರೆ. ‘ನಮಸ್ಕಾರ, ಹೇಳಿ’ ಅಂದರೆ ಸಾಕು. ಬಾಯಿ ತಪ್ಪಿ ಬೇರೇನೋ ಬಂದರೆ ಒಂದು ‘ಸಾರಿ’ ಹೇಳಿ ಮಾತು ಮುಂದುವರಿಸಿ, ನಾನೂ ಅಲ್ಲಿಗೇ ಬಿಟ್ಟಿರುತ್ತೇನೆ.

ಇದಕ್ಕಿಂತ ಜಾಸ್ತಿ ಬರುವ ಪ್ರಶ್ನೆ, ‘ಕೂದಲು ಬಿಡಬಹುದಲ್ವಾ?’ ಬಿಟ್ಟು ನೋಡಿದ್ದೇನೆ. ಭುಜದವರೆಗೂ ಬೆಳೆಸಿ, ದಿನಾ ಸಿಕ್ಕು ಬಿಡಿಸಿ, ಜುಟ್ಟು ಕಟ್ಟಿಕೊಂಡು ಓಡಾಡಿದೆ. ‘ಸರ್, ನೀವು ಬ್ಯಾಂಡಿನಲ್ಲಿ ಗಿಟಾರ್ ನುಡಿಸ್ತೀರಾ?’ ಅಂತ ಒಬ್ಬರು ಕೇಳಿದರು. ಆ ವಾರವೇ ಕತ್ತರಿಸಿಬಿಟ್ಟೆ.