ಯದುವೀರ್ ‘ಒರಿಜಿನಲ್’ ಒಡೆಯರೇ? ಬಾಯಲ್ಲಿ ಹೇಳಿ ಸಾಕಾಗಿ ಬರೆದ ಉತ್ತರ

ದಸರಾ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಮೈಸೂರು ರಾಜವಂಶದ ಚರಿತ್ರೆ ಓದಿಕೊಂಡವರು ಎಂದು ಗೊತ್ತಾದರೆ ಸಾಕು, ಪರಿಚಯವಾದ ಎರಡನೇ ನಿಮಿಷಕ್ಕೆ ಕೇಳುತ್ತಾರೆ: “ಅಲ್ಲಾ, ಈ ಯದುವೀರ್ ಒರಿಜಿನಲ್ ಒಡೆಯರ್ ಅಲ್ವಂತಲ್ಲ? ದತ್ತು ತಗೊಂಡಿದ್ದಂತೆ?”

ಪ್ರಶ್ನೆಯ ಬಗ್ಗೆ ನನಗೆ ಬೇಸರವಿಲ್ಲ, ಕೇಳುವ ಧಾಟಿಯ ಬಗ್ಗೆ ಇದೆ. “ಒರಿಜಿನಲ್” ಎಂಬ ಮಾತು ಅಂಗಡಿಯ ಸಾಮಾನಿಗೆ ಸರಿ, ಮನುಷ್ಯನಿಗೆ ಸರಿಯಲ್ಲ. ಇನ್ನು “ಅಂತೆ” ಯಾಕೆ? ದತ್ತು ಸ್ವೀಕಾರ ಗುಟ್ಟಾಗಿ ನಡೆದದ್ದಲ್ಲ. 2015ರ ಫೆಬ್ರವರಿ 23ರಂದು ನಡೆಯಿತು, ನಾಡಿಗೆಲ್ಲ ಗೊತ್ತಾಯಿತು. ಅದೇ ವರ್ಷ ಮೇ 28ರಂದು ಮೈಸೂರು ಅರಮನೆಯಲ್ಲಿ ಪಟ್ಟಾಭಿಷೇಕವಾಯಿತು. ಯದುವೀರ್ ಗೋಪಾಲರಾಜ ಅರಸ್ ಆಗಿದ್ದವರು ದತ್ತಕವಾದಂದಿನಿಂದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್.

ನೇರ ಉತ್ತರ ಮೊದಲು ಕೊಟ್ಟುಬಿಡುತ್ತೇನೆ. ಹೌದು, ದತ್ತುಪುತ್ರ. ಹೌದು, ರಕ್ತಸಂಬಂಧವೂ ಇದೆ. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ (1919–1974). ಅವರ ಹಿರಿಯ ಮಗಳು ಗಾಯತ್ರಿ ದೇವಿ. ಗಾಯತ್ರಿ ದೇವಿಯವರ ಮಗಳು ಲೀಲಾ ತ್ರಿಪುರಸುಂದರಿ ದೇವಿ. ಅವರ ಮಗ, 1992ರಲ್ಲಿ ಹುಟ್ಟಿದ ಯದುವೀರ್. ಅಂದರೆ ಜಯಚಾಮರಾಜರ ಮರಿಮಗ. ಮಕ್ಕಳಿಲ್ಲದೆ 2013ರ ಡಿಸೆಂಬರ್ 10ರಂದು ತೀರಿಕೊಂಡ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಇವರಿಗೆ ಅಜ್ಜಿಯ ತಮ್ಮ. ದತ್ತು ತೆಗೆದುಕೊಂಡವರು ಶ್ರೀಕಂಠದತ್ತರ ಪತ್ನಿ ಪ್ರಮೋದಾ ದೇವಿ.

ಇಷ್ಟು ಹೇಳಿದ ಕೂಡಲೇ ಮುಂದಿನದು ಬರುತ್ತದೆ: “ಹಾಗಾದರೆ ಹೆಣ್ಣುಮಕ್ಕಳ ಕಡೆಯವರು, ಗಂಡುಸಂತತಿ ಅಲ್ಲ.”

ಸರಿ. ಆ ಲೆಕ್ಕವನ್ನೇ ಹಿಡಿಯೋಣ, ಆದರೆ ಕೊನೆಯವರೆಗೂ ಹಿಡಿಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ನಂತರ ಪಟ್ಟಕ್ಕೆ ಬರಲು ಔರಸ ಪುತ್ರನಿಲ್ಲದೆ 1865ರ ಜೂನ್ 18ರಂದು ಎರಡು ವರ್ಷದ ಮಗುವೊಂದನ್ನು ದತ್ತು ತೆಗೆದುಕೊಂಡರು. ಆ ಮಗು ಬೆಟ್ಟದಕೋಟೆ ಮನೆತನದ ಚಿಕ್ಕ ಕೃಷ್ಣರಾಜ ಅರಸರ ಮಗ. ತಾಯಿ ಪುಟ್ಟಮ್ಮಣ್ಣಿ, ಸ್ವತಃ ಮುಮ್ಮಡಿಯವರ ಮಗಳು. ಮಗಳ ಮಗನನ್ನೇ ಮಗನಾಗಿ ತೆಗೆದುಕೊಂಡರು. ಆತನೇ ಹತ್ತನೆಯ ಚಾಮರಾಜ ಒಡೆಯರ್, 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಹಿಂದಿರುಗಿಸಿದ್ದು ಅವರ ಕೈಗೆ. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್.

ಈಗ ಹೇಳಿ, ಹೆಣ್ಣಿನ ಕಡೆಯಿಂದ ದತ್ತು ಬಂದವರು ಒಡೆಯರಲ್ಲ ಎಂದರೆ ನಾಲ್ವಡಿಯವರನ್ನು ಎಲ್ಲಿ ಕೂರಿಸುತ್ತೀರಿ? ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾಲಯ, ಕನ್ನಡ ಸಾಹಿತ್ಯ ಪರಿಷತ್ತು ಅವರ ಕಾಲದವು. ಮನೆಯಲ್ಲಿ ಅವರ ಫೋಟೋ ಇಟ್ಟು ಕೈಮುಗಿಯುವವರೇ ಯದುವೀರರ ವಿಷಯಕ್ಕೆ ಬಂದಾಗ “ಒರಿಜಿನಲ್” ಎನ್ನುತ್ತಾರೆ. ಜಯಚಾಮರಾಜರೂ ನಾಲ್ವಡಿಯವರ ಮಗನಲ್ಲ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಪಟ್ಟ ತಮ್ಮನಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರಿಗೆ ಹೋಗಬೇಕಿತ್ತು. ಅವರು 1940ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು, ಆಗಸ್ಟ್ 3ರಂದು ಅಣ್ಣನೂ ಹೋದರು. ಹೀಗೆ ತಮ್ಮನ ಮಗ ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನ ಹತ್ತಿದರು. 1865ರ ದತ್ತು ಮತ್ತು 2015ರ ದತ್ತು, ನಡುವೆ ನೂರೈವತ್ತು ವರ್ಷ. ಎರಡೂ ಸಲ ಮನೆತನ ಹುಡುಕಿದ್ದು ಹೆಣ್ಣುಮಕ್ಕಳ ಮಡಿಲಲ್ಲೇ.

ವಂಶವೃಕ್ಷ ಬರೆಯಲು ಹೊರಟವರು ಎಡವುವುದು ಇಲ್ಲೇ. ವಂಶದ ಮೂಲಪುರುಷನೆನ್ನುವ 1399ರ ಯದುರಾಯನಿಂದ ಶುರುಮಾಡಿ ಅಪ್ಪ–ಮಗ, ಅಪ್ಪ–ಮಗ ಎಂದು ಒಂದೇ ಗೆರೆ ಎಳೆಯುತ್ತಾರೆ. ಹಾಗೆ ಎಳೆದರೆ ತಪ್ಪಿಹೋಗುತ್ತದೆ. ರಣಧೀರ ಕಂಠೀರವ (1638–1659) ತನ್ನ ಹಿಂದಿನ ದೊರೆಯ ಮಗನಲ್ಲ. 1732ರಲ್ಲಿ ಮತ್ತು 1734ರಲ್ಲಿ ಪಟ್ಟಕ್ಕೆ ಬಂದ ಇಬ್ಬರೂ ದತ್ತು. 1776ರಲ್ಲಿ ಹೈದರಾಲಿ ಕೂರಿಸಿದ ಖಾಸಾ ಚಾಮರಾಜ ಅರಿಕುಠಾರದ (ಇಂದಿನ ಚಾಮರಾಜನಗರ) ಅರಸು ಮನೆತನದಿಂದ ಬಂದವರು. ಸರಿಯಾದ ಕ್ರಮವೆಂದರೆ ಎರಡು ಬಗೆಯ ಗೆರೆ ಇಟ್ಟುಕೊಳ್ಳುವುದು: ಹುಟ್ಟಿಗೆ ಒಂದು, ಪಟ್ಟಕ್ಕೆ ಒಂದು. ಹೆಣ್ಣುಮಕ್ಕಳ ಹೆಸರನ್ನು ಕಡ್ಡಾಯವಾಗಿ ಬರೆಯಬೇಕು, ಇಲ್ಲದಿದ್ದರೆ 1865ರಲ್ಲೊಮ್ಮೆ, 2015ರಲ್ಲೊಮ್ಮೆ ಗೆರೆ ಕಡಿದು ಗಾಳಿಯಲ್ಲಿ ನಿಲ್ಲುತ್ತದೆ. ಶುರುವನ್ನು ಯದುರಾಯನಿಂದ ಮಾಡಬೇಡಿ. 1794ರಲ್ಲಿ ಹುಟ್ಟಿದ ಮುಮ್ಮಡಿಯವರಿಂದ ಮಾಡಿ, ದಾಖಲೆ ಗಟ್ಟಿ ಇರುವುದು ಅಲ್ಲಿಂದೀಚೆಗೆ. ಅದು ಸರಿಯಾಗಿ ನಿಂತ ಮೇಲೆ ಹಿಂದಕ್ಕೆ ಹೋಗಿ.

ಇನ್ನು ಕಾನೂನು. “ದೊಡ್ಡ ಹುಡುಗನನ್ನು ದತ್ತು ತಗೊಳ್ಳೋಕೆ ಆಗುತ್ತಾ? ಗಂಡ ತೀರಿಹೋದ ಮೇಲೆ ಹೆಂಡತಿ ತಗೊಳ್ಳಬಹುದಾ?” ಇದು ಕೇಳಬೇಕಾದ ಪ್ರಶ್ನೆಯೇ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ದತ್ತು ಹೋಗುವವರಿಗೆ ಹದಿನೈದು ತುಂಬಿರಬಾರದು, ಆದರೆ ಆ ಸಮುದಾಯದಲ್ಲಿ ರೂಢಿಯಿದ್ದರೆ ದೊಡ್ಡವರನ್ನೂ ತೆಗೆದುಕೊಳ್ಳಬಹುದು ಎಂದು ಅದೇ ಕಲಂನಲ್ಲಿ ಬರೆದಿದೆ. ವಿಧವೆಗೆ ತನ್ನದೇ ಹಕ್ಕಿನಲ್ಲಿ ದತ್ತು ತೆಗೆದುಕೊಳ್ಳುವ ಅಧಿಕಾರವಿದೆ, ಗಂಡ ಬದುಕಿದ್ದಾಗ ಅನುಮತಿ ಕೊಟ್ಟಿರಬೇಕೆಂಬ ಹಳೆಯ ಷರತ್ತು ಈಗಿಲ್ಲ. ಹಾಗೆ ಬಂದ ಮಗ ತೀರಿಹೋದ ಗಂಡನಿಗೂ ಮಗನೇ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಹೆಣ್ಣು ಗಂಡುಮಗನನ್ನು ದತ್ತು ತೆಗೆದುಕೊಂಡರೆ ವಯಸ್ಸಿನ ಅಂತರ ಕನಿಷ್ಠ ಇಪ್ಪತ್ತೊಂದು ವರ್ಷ ಇರಬೇಕು.

ದತ್ತಕದ ಜೀವಾಳ ಕೊಡುವುದು–ತೆಗೆದುಕೊಳ್ಳುವುದು. ಹೆತ್ತವರು ಕೈಯಾರೆ ಕೊಡಬೇಕು, ತೆಗೆದುಕೊಳ್ಳುವವರು ಕೈಯಾರೆ ತೆಗೆದುಕೊಳ್ಳಬೇಕು. ದತ್ತು ಕೊಡುವಾಗ ಮಾಡುವ ದತ್ತಹೋಮ ಸಂಪ್ರದಾಯ, ಕಾಯ್ದೆಯ ಮಟ್ಟಿಗೆ ಅದು ಕಡ್ಡಾಯವಲ್ಲ. ಕೋರ್ಟಿನಲ್ಲಿ ದತ್ತಕಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಹೋಮ ಮಾಡಲಿಲ್ಲವೆಂದಲ್ಲ, ಈ ಕೊಟ್ಟು–ತೆಗೆದುಕೊಂಡದ್ದಕ್ಕೆ ಸಾಕ್ಷಿ ಇಲ್ಲವೆಂದು. ಅದಕ್ಕೇ ಎರಡೂ ಕಡೆಯವರು ಸಹಿ ಹಾಕಿದ ಪತ್ರವನ್ನು ನೋಂದಾಯಿಸಿಡಬೇಕು. ಹಾಗಿದ್ದರೆ ದತ್ತಕ ಸರಿಯಾಗಿಯೇ ನಡೆದಿದೆ ಎಂದು ನ್ಯಾಯಾಲಯ ಭಾವಿಸುತ್ತದೆ, ಸುಳ್ಳೆಂದು ತೋರಿಸುವ ಹೊಣೆ ಎದುರಾಳಿಯದು. ಒಮ್ಮೆ ಸರಿಯಾಗಿ ಆದ ದತ್ತಕವನ್ನು ರದ್ದುಮಾಡಲು ಬರುವುದಿಲ್ಲ. ತಂದೆತಾಯಿ ಕೈಬಿಡುವಂತಿಲ್ಲ, ಮಗ ಹಳೆಯ ಮನೆಗೆ ಮರಳುವಂತಿಲ್ಲ. ಹಾಗೆಯೇ, ದತ್ತಕಕ್ಕೆ ಮೊದಲೇ ಬೇರೊಬ್ಬರಿಗೆ ಸೇರಿದ ಆಸ್ತಿ ದತ್ತಕವೊಂದರಿಂದಲೇ ಕೈಬದಲಾಗುವುದಿಲ್ಲ. “ಆಸ್ತಿಗೋಸ್ಕರ ದತ್ತು” ಎಂದು ಸಲೀಸಾಗಿ ಆಡುವವರು ಈ ಸಾಲನ್ನು ಓದಬೇಕು.

ಮಗಳ ಮಗನನ್ನು, ಅಕ್ಕತಂಗಿಯರ ಮಗನನ್ನು ದತ್ತು ತೆಗೆದುಕೊಳ್ಳಬಾರದು ಎಂದು ಹಳೆಯ ಧರ್ಮಶಾಸ್ತ್ರದ ಒಂದು ವಾದವಿತ್ತು. ದಕ್ಷಿಣದಲ್ಲಿ ರೂಢಿ ಅದನ್ನು ಒಪ್ಪಲಿಲ್ಲ. 1956ರ ಕಾಯ್ದೆಯಲ್ಲಂತೂ ಆ ನಿಷೇಧವೇ ಇಲ್ಲ.

“ಅವರು ಈಗ ಮಹಾರಾಜರಾ?” ಇಲ್ಲ. ಮೈಸೂರು ದೊರೆಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ ಇತ್ತು. 1971ರ ಇಪ್ಪತ್ತಾರನೇ ಸಂವಿಧಾನ ತಿದ್ದುಪಡಿ ಅದನ್ನೂ ದೊರೆಗಳಿಗಿದ್ದ ಮಾನ್ಯತೆಯನ್ನೂ ತೆಗೆದುಹಾಕಿತು. ಆದ್ದರಿಂದ ಶ್ರೀಕಂಠದತ್ತರೂ ಕಾನೂನಿನ ಲೆಕ್ಕದಲ್ಲಿ ಎಂದೂ ಮಹಾರಾಜರಾಗಿರಲಿಲ್ಲ. ಯದುವೀರರಿಗಿರುವುದು ಮನೆತನದ ಯಜಮಾನಿಕೆ, ನವರಾತ್ರಿಯ ಧಾರ್ಮಿಕ ಹೊಣೆ. ಇದಲ್ಲದೆ 2024ರಲ್ಲಿ ಮೈಸೂರು–ಕೊಡಗು ಕ್ಷೇತ್ರದಿಂದ ಗೆದ್ದ ಲೋಕಸಭಾ ಸದಸ್ಯತ್ವ, ಅದು ಜನರ ಮತದಿಂದ ಬಂದದ್ದು. ಪತ್ನಿ ತ್ರಿಷಿಕಾ ಕುಮಾರಿ ರಾಜಸ್ಥಾನದ ಡುಂಗರ್‌ಪುರದವರು. ಉತ್ತರದಿಂದ ಸೊಸೆ ತಂದದ್ದು ಇದೇ ಮೊದಲು ಎನ್ನುವುದೂ ತಪ್ಪು: ನಾಲ್ವಡಿಯವರು 1900ರಲ್ಲಿ ಕೈಹಿಡಿದ ಪ್ರತಾಪಕುಮಾರಿ ಗುಜರಾತಿನ ಕಾಠಿಯಾವಾಡದವರು.

ಅಲಮೇಲಮ್ಮನ ಶಾಪಕ್ಕೆ ಬರದೆ ಯಾರೂ ಬಿಡುವುದಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಒಡವೆಗಳ ಜೊತೆ ಕಾವೇರಿಗೆ ಹಾರುವಾಗ “ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ” ಎಂದಳೆಂಬ ಕಥೆ. ಕಥೆಯ ನೋವು ನನಗೂ ತಟ್ಟುತ್ತದೆ, ಅರಮನೆಯಲ್ಲಿ ಆಕೆಗೆ ಪೂಜೆಯೂ ಸಲ್ಲುತ್ತದೆ. ಆದರೆ “ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಮಕ್ಕಳಾಗಲ್ಲ” ಎಂಬ ಲೆಕ್ಕ ಪಟ್ಟಿಯಲ್ಲಿ ನಿಲ್ಲುವುದಿಲ್ಲ. ಚಿಕ್ಕದೇವರಾಜರಿಗೆ (1673–1704) ಮಗ ಹುಟ್ಟಿದ, ಆ ಮಗನಿಗೂ ಮಗ ಹುಟ್ಟಿದ, ಮೂವರೂ ಸಾಲಾಗಿ ಆಳಿದರು. ಇಮ್ಮಡಿ ಕೃಷ್ಣರಾಜರಿಗೆ ಇಬ್ಬರು ಗಂಡುಮಕ್ಕಳು ಪಟ್ಟಕ್ಕೆ ಬಂದರು. ಯುವರಾಜ ನರಸಿಂಹರಾಜರಿಗೆ ಜಯಚಾಮರಾಜರು, ಅವರಿಗೆ ಶ್ರೀಕಂಠದತ್ತರು. 2017ರಲ್ಲಿ ಯದುವೀರರಿಗೆ ಆದ್ಯವೀರ ಹುಟ್ಟಿದಾಗ “ಶಾಪ ವಿಮೋಚನೆ” ಎಂದು ಹಬ್ಬಿಸಿದರು. ದತ್ತು ಬಂದ ಹತ್ತನೆಯ ಚಾಮರಾಜರಿಗೆ 1884ರಲ್ಲೇ ಮಗ ಹುಟ್ಟಿದ್ದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಒಬ್ಬ ಹೆಣ್ಣುಮಗಳ ಬಸಿರನ್ನು ನಾನೂರು ವರ್ಷದ ಕಥೆಗೆ ಪುರಾವೆ ಮಾಡುವುದು ನನಗೆ ಸರಿಕಾಣುವುದಿಲ್ಲ.

ನಿಜ ಹೇಳಬೇಕೆಂದರೆ ನನ್ನನ್ನು ಬೇರೊಂದು ಪ್ರಶ್ನೆ ಕೇಳಬೇಕಿತ್ತು: ಪಟ್ಟದಲ್ಲಿ ಗಂಡಸಿಲ್ಲದಾಗ, ಇದ್ದರೂ ಮಗುವಾಗಿದ್ದಾಗ, ಈ ಮನೆಯನ್ನು ಹಿಡಿದು ನಿಲ್ಲಿಸಿದವರು ಯಾರು?

2014ರ ನವರಾತ್ರಿಯನ್ನು ನೋಡಿ. ಪ್ರತಿ ವರ್ಷ ಹಬ್ಬಕ್ಕೆ ಮೊದಲು ರತ್ನಖಚಿತ ಸಿಂಹಾಸನದ ಬಿಡಿಭಾಗಗಳನ್ನು ಭದ್ರತಾ ಕೊಠಡಿಯಿಂದ ತೆಗೆದು ಅರಮನೆಯ ಅಂಬಾವಿಲಾಸ ಸಭಾಂಗಣದಲ್ಲಿ ಜೋಡಿಸುತ್ತಾರೆ. ಮೈಸೂರಿನ ಹತ್ತಿರದ ಗೆಜ್ಜಗಳ್ಳಿ ಊರಿನವರ ಕೈ ಈ ಕೆಲಸದಲ್ಲಿ ಪಳಗಿದೆ. ಪಾಡ್ಯದ ದಿನ ಸಿಂಹದ ತಲೆಗಳನ್ನು ಕೂರಿಸಿದ ಮೇಲೆ ಅದು ದರ್ಬಾರಿಗೆ ಸಿದ್ಧ. ಕಂಕಣ ಕಟ್ಟಿಕೊಂಡವರು ಅದರ ಮೇಲೆ ಕೂರಬೇಕು. ಆ ವರ್ಷ ಕೂರುವವರೇ ಇರಲಿಲ್ಲ. ಪ್ರಮೋದಾ ದೇವಿ ಹಬ್ಬ ನಿಲ್ಲಿಸಲಿಲ್ಲ, ಸಿಂಹಾಸನದ ಮೇಲೆ ಪಟ್ಟದ ಕತ್ತಿ ಇರಿಸಿ ಖಾಸಗಿ ದರ್ಬಾರ್ ನಡೆಸಿದರು. ಮರುವರ್ಷದ ದತ್ತು, ಪಟ್ಟಾಭಿಷೇಕ ಎರಡನ್ನೂ ಮುಂದೆ ನಿಂತು ಮಾಡಿಸಿದವರು ಅವರೇ.

1894ರ ಡಿಸೆಂಬರ್‌ನಲ್ಲಿ ಹತ್ತನೆಯ ಚಾಮರಾಜರು ಕಲ್ಕತ್ತೆಯಲ್ಲಿ ಗಂಟಲಮಾರಿಗೆ ತುತ್ತಾದಾಗ ನಾಲ್ವಡಿಯವರಿಗೆ ಹತ್ತು ವರ್ಷ. 1902ರವರೆಗೆ ಮಗನ ಪರವಾಗಿ ರೀಜೆಂಟ್ ಆಗಿ ರಾಜ್ಯ ನಡೆಸಿದವರು ತಾಯಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ ಎಂದು ಹೆಸರಾದವರು. ಮರದ ಹಳೆಯ ಅರಮನೆ 1897ರಲ್ಲಿ ಮಗಳ ಮದುವೆಯ ಸಂದರ್ಭದಲ್ಲೇ ಸುಟ್ಟುಹೋಯಿತು. ಇಂದು ನೀವು ಟಿಕೆಟ್ ಕೊಂಡು ನೋಡುವ ಅರಮನೆಯನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕೈಯಲ್ಲಿ ಶುರುಮಾಡಿಸಿದ್ದು ಆಕೆ. ಮಾರಿಕಣಿವೆ ಅಣೆಕಟ್ಟು ಆರಂಭವಾದದ್ದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಆಕೆಯ ಕಾಲದಲ್ಲಿ.

ಇವರೆಲ್ಲರಿಗಿಂತ ಹಿಂದೆ ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜರು 1766ರಲ್ಲಿ ತೀರಿಕೊಂಡ ಮೇಲೆ ಉಳಿದ ವಿಧವೆ. ಹೈದರನ ಕಣ್ಗಾವಲಿನಲ್ಲಿ ಇದ್ದುಕೊಂಡೇ ತಮ್ಮ ದೂತ ತಿರುಮಲರಾಯರ ಮೂಲಕ ರಾಜ್ಯವನ್ನು ಮನೆತನಕ್ಕೆ ಮರಳಿಸಲು ಬ್ರಿಟಿಷರ ಜೊತೆ ಮಾತುಕತೆ ನಡೆಸಿದರು. 1782ರಲ್ಲಿ ತಂಜಾವೂರಿನಲ್ಲಿ ಒಪ್ಪಂದವೂ ಆಯಿತು, ಆದರೆ ಫಲ ಕೈಗೆ ಬರಲು ಇನ್ನೂ ಹದಿನೇಳು ವರ್ಷ ಬೇಕಾಯಿತು. 1796ರಲ್ಲಿ ಖಾಸಾ ಚಾಮರಾಜರು ಹೋದಾಗ ಟಿಪ್ಪು ಬೇರೆ ಯಾರನ್ನೂ ಪಟ್ಟಕ್ಕೆ ಕೂರಿಸಲಿಲ್ಲ. ಉಳಿದಿದ್ದದ್ದು ಎರಡು ವರ್ಷದ ಕೂಸು. ಟಿಪ್ಪು ಬಿದ್ದ ಮೇಲೆ, 1799ರ ಜೂನ್ 30ರಂದು, ಇನ್ನೇನು ಐದು ತುಂಬಲಿದ್ದ ಆ ಹುಡುಗನನ್ನು ಮುಮ್ಮಡಿ ಕೃಷ್ಣರಾಜನೆಂದು ಗದ್ದುಗೆಗೇರಿಸಿದಾಗ ಆಕೆ ಕಾಯಲು ಶುರುಮಾಡಿ ಮೂವತ್ಮೂರು ವರ್ಷ ಕಳೆದಿತ್ತು. ಮುಮ್ಮಡಿಯವರು ಆಕೆ ಹೆತ್ತ ಮಗನಲ್ಲ, ರಕ್ತಸಂಬಂಧದ ಮೊಮ್ಮಗನೂ ಅಲ್ಲ, ದತ್ತು ಬಂದ ದೊರೆಯ ಮಗ. ಆಕೆ ರಾಜ್ಯ ಕೇಳಿದ್ದು ಆ ಹುಡುಗನಿಗೋಸ್ಕರ.